ಅಂಕಪಟ್ಟಿಯಲ್ಲಿ ಐದು ಅಂಕ: ಇಂಗ್ಲೆಂಡಿನಿಂದ ಪರ್ತ್‌ಗೆ ಬಂದ ಒಂದು ಕುಟುಂಬದ ಪ್ರಕರಣ

ಬ್ರಿಟನ್ನಿನಲ್ಲಿ ನೆಲೆಸಿ, ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೊರಡುವ ಯೋಚನೆಯಲ್ಲಿರುವ ಕನ್ನಡಿಗರು ಮೊದಲು ಕೇಳುವುದು ವೀಸಾ ಅಂಕಗಳ ಬಗ್ಗೆ. ಎಷ್ಟು ಅಂಕ ಬೇಕು, ವಯಸ್ಸಿಗೆ ಎಷ್ಟು, ಇಂಗ್ಲಿಷಿಗೆ ಎಷ್ಟು, ರಾಜ್ಯದ ನಾಮನಿರ್ದೇಶನ ಸಿಕ್ಕರೆ ಎಷ್ಟು ಸೇರುತ್ತದೆ. ಪ್ರಶ್ನೆಗಳು ಸಹಜವೇ. ಆದರೆ ನಾನು ಹತ್ತಿರದಿಂದ ನೋಡಿದ ಒಂದು ಕುಟುಂಬದಲ್ಲಿ ಅಂಕಗಳ ಲೆಕ್ಕ ಬೇಗನೆ ಸರಿಹೋಯಿತು. ಕಷ್ಟ ಬಂದದ್ದು ಆ ಲೆಕ್ಕದಲ್ಲಿ ಜಾಗವೇ ಇಲ್ಲದ ಸಂಗತಿಗಳಿಂದ. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಕೆಲಸದ ಜಾಗ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಂಡನನ್ನು ಎಂಜಿನಿಯರ್ ಎಂದೂ ಹೆಂಡತಿಯನ್ನು ನರ್ಸ್ ಎಂದೂ ಕರೆಯುತ್ತೇನೆ.

ಹಿನ್ನೆಲೆ

ಇಬ್ಬರೂ ಕರ್ನಾಟಕದಲ್ಲಿ ಓದಿದವರು. 2016ರಲ್ಲಿ ನರ್ಸ್‌ಗೆ ಇಂಗ್ಲೆಂಡಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ನೋಂದಣಿ ಮಂಡಳಿಯ ಲಿಖಿತ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಎರಡನ್ನೂ ಪಾಸು ಮಾಡಿ ಹೃದ್ರೋಗ ವಾರ್ಡಿಗೆ ಸೇರಿದರು. ಎಂಜಿನಿಯರ್ ಹೆಂಡತಿಯ ಅವಲಂಬಿತರಾಗಿ ಹೋದವರು. ಕೆಲವೇ ತಿಂಗಳಲ್ಲಿ ರಸ್ತೆ, ಸೇತುವೆ ಕಾಮಗಾರಿಯ ಸಂಸ್ಥೆಯೊಂದರಲ್ಲಿ ಸಿವಿಲ್ ಎಂಜಿನಿಯರ್ ಆದರು. ಮಗಳು ಹುಟ್ಟಿದ್ದು ಊರಿನಲ್ಲಿ, ಮಗ ಇಂಗ್ಲೆಂಡಿನಲ್ಲಿ. 2019ರಲ್ಲಿ ಸಾಲ ಮಾಡಿ ಮನೆ ಕೊಂಡರು. 2021ರಲ್ಲಿ ಕಾಯಂ ವಾಸದ ಪರವಾನಗಿ, ಮರುವರ್ಷ ಬ್ರಿಟಿಷ್ ಪೌರತ್ವ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಚೀಟಿ ಮಾಡಿಸಿಕೊಂಡರು. ಎಂಜಿನಿಯರ್‌ನ ತಾಯಿ ಮಲೆನಾಡಿನ ಮನೆಯಲ್ಲಿ ಒಬ್ಬರೇ ಇದ್ದಾರೆ, ತಂಗಿ ಬೆಂಗಳೂರಿನಲ್ಲಿ.

ಪೌರತ್ವದ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು, ಏಕೆಂದರೆ ಅನೇಕರು ಇದರಲ್ಲಿ ಎಡವುತ್ತಾರೆ. ಬ್ರಿಟನ್ನಿನ ಕಾಯಂ ವಾಸದ ಪರವಾನಗಿ, ಎರಡು ವರ್ಷ ಸತತವಾಗಿ ದೇಶದ ಹೊರಗಿದ್ದರೆ ಸಾಮಾನ್ಯವಾಗಿ ರದ್ದಾಗುತ್ತದೆ. ಪೌರತ್ವಕ್ಕೆ ಆ ಭಯವಿಲ್ಲ. ಹಾಗೆಂದು ‘ಪೌರತ್ವ ತೆಗೆದುಕೊಂಡು ಮರುದಿನವೇ ಹೊರಡೋಣ’ ಎಂದು ಯೋಜನೆ ಹಾಕುವುದು ಸರಿಯಲ್ಲ. ಬ್ರಿಟಿಷ್ ಪೌರರನ್ನು ಮದುವೆಯಾದವರನ್ನು ಬಿಟ್ಟರೆ ಉಳಿದ ಅರ್ಜಿದಾರರಿಗೆ, ಪೌರತ್ವ ಸಿಕ್ಕ ಮೇಲೂ ಬ್ರಿಟನ್ನೇ ಮುಖ್ಯ ನೆಲೆಯಾಗಿರಬೇಕೆಂಬ ಉದ್ದೇಶ ಇರಬೇಕು. ಅದು ಕಾನೂನಿನ ಷರತ್ತು. ಹೊರಡುವುದು ಆಗಲೇ ತೀರ್ಮಾನವಾಗಿದ್ದರೆ ಆ ಅರ್ಜಿಗೆ ಸಹಿ ಹಾಕುವ ಮೊದಲು ವಕೀಲರನ್ನು ಕಾಣಬೇಕು. ಈ ಕುಟುಂಬಕ್ಕೆ ಆ ಇಕ್ಕಟ್ಟು ಬರಲಿಲ್ಲ. ಅವರು ಪೌರತ್ವ ಪಡೆದಾಗ ಆಸ್ಟ್ರೇಲಿಯಾದ ಮಾತು ಮನೆಯಲ್ಲಿ ಹುಟ್ಟಿರಲಿಲ್ಲ.

ಆ ಮಾತು ಹುಟ್ಟಿದ್ದು 2022ರ ಚಳಿಗಾಲದಲ್ಲಿ. ವಿದ್ಯುತ್, ಗ್ಯಾಸ್ ಬಿಲ್ಲು ಏರಿತ್ತು. ಸಾಂಕ್ರಾಮಿಕದ ವರ್ಷಗಳ ದಣಿವಿನಿಂದ ನರ್ಸ್‌ಗೆ ಇನ್ನೂ ಬಿಡುಗಡೆ ಸಿಕ್ಕಿರಲಿಲ್ಲ. ಎಂಜಿನಿಯರ್‌ನ ಸಹೋದ್ಯೋಗಿಯೊಬ್ಬರು ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿ ಮನೆ, ಅಂಗಳ, ಸಮುದ್ರದ ಚಿತ್ರ ಕಳುಹಿಸುತ್ತಿದ್ದರು. ಬ್ರಿಟನ್ನಿನವರಿಗೆ ಈ ಹಂಬಲ ಹಳೆಯದು. 2021ರ ಜನಗಣತಿಯಂತೆ, ಆಸ್ಟ್ರೇಲಿಯಾದಲ್ಲಿರುವ ವಿದೇಶದಲ್ಲಿ ಹುಟ್ಟಿದವರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರೇ ಮೊದಲ ಸ್ಥಾನದಲ್ಲಿದ್ದಾರೆ, 9 ಲಕ್ಷದ 27 ಸಾವಿರ ಮಂದಿ. ಎರಡನೆಯ ಸ್ಥಾನ ಭಾರತದಲ್ಲಿ ಹುಟ್ಟಿದವರದು, 6 ಲಕ್ಷದ 73 ಸಾವಿರ. ಈ ದಂಪತಿ ಎರಡೂ ಹೊಳೆಗಳು ಕೂಡುವಲ್ಲಿ ನಿಂತಿದ್ದರು.

ಪರ್ತ್ ಎಂದು ಗೊತ್ತುಮಾಡಿದ್ದಕ್ಕೆ ಒಂದು ಕಾರಣ ಕೆಲಸ. ಮೆಟ್ರೊನೆಟ್ ರೈಲು ಯೋಜನೆಗಳಿಂದಾಗಿ ಸಿವಿಲ್ ಎಂಜಿನಿಯರ್‌ಗಳಿಗೆ ಬೇಡಿಕೆ ಇತ್ತು. ಇನ್ನೊಂದು ಕಾರಣ ತಾಯಿ. ಪರ್ತ್‌ನ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಮಾತ್ರ ಮುಂದೆ. ಆಫೀಸಿನಿಂದ ಬಂದು ಏಳೂವರೆಗೆ ಫೋನ್ ಮಾಡಿದರೆ ಮಲೆನಾಡಿನಲ್ಲಿ ಸಂಜೆ ಐದು, ತಾಯಿ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತಿರುವ ಹೊತ್ತು. ಇಂಗ್ಲೆಂಡಿನಲ್ಲಿದ್ದಾಗ ಕೆಲಸ ಮುಗಿಸಿ ಬರುವಷ್ಟರಲ್ಲಿ ಅವರು ಮಲಗಿರುತ್ತಿದ್ದರು.

ಇಕ್ಕಟ್ಟು

ಎಂಜಿನಿಯರ್‌ಗೆ 2023ರ ಅಕ್ಟೋಬರ್‌ನಲ್ಲಿ ನಲವತ್ತು ತುಂಬುವುದಿತ್ತು. ಆಸ್ಟ್ರೇಲಿಯಾದ ಅಂಕಪಟ್ಟಿಯಲ್ಲಿ 33ರಿಂದ 39 ವಯಸ್ಸಿನವರಿಗೆ 25 ಅಂಕ. 40 ತುಂಬಿದ ದಿನದಿಂದ 15. ಲೆಕ್ಕಕ್ಕೆ ಬರುವುದು ಅರ್ಜಿ ಸಲ್ಲಿಸಲು ಆಹ್ವಾನ ಬಂದ ದಿನದ ವಯಸ್ಸು. ಹಾಗಾಗಿ ಮನೆಯಲ್ಲಿ ಎಲ್ಲ ಓಟವೂ ಆ ಹುಟ್ಟುಹಬ್ಬದ ಕಡೆಗೇ ಆಯಿತು. ಇಂಗ್ಲಿಷ್ ಪರೀಕ್ಷೆಯಲ್ಲಿ ಅತ್ಯುನ್ನತ ಹಂತ ಮುಟ್ಟಿ 20 ಅಂಕ. ಪದವಿಗೆ 15. ಎಂಟು ವರ್ಷ ಮೀರಿದ ಅನುಭವಕ್ಕೆ 15. ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ನಾಮನಿರ್ದೇಶನಕ್ಕೆ 5. ಸಂಗಾತಿಯ ಬಾಬ್ತು 5. ಎಲ್ಲ ಸೇರಿ 85.

ಸಂಗಾತಿಯ ಆ 5 ಅಂಕ ಹೇಗೆ ಬಂತೆಂಬುದನ್ನು ಗಮನಿಸಬೇಕು. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರಿಗೆ ಸಾಕಷ್ಟು ಇಂಗ್ಲಿಷ್ ಬರುತ್ತದೆಂದು ಆಸ್ಟ್ರೇಲಿಯಾ ಒಪ್ಪಿಕೊಳ್ಳುತ್ತದೆ. ನರ್ಸ್ ಪಾಸ್‌ಪೋರ್ಟಿನ ಪ್ರತಿ ಕೊಟ್ಟರು, ಅಂಕ ಬಂತು. ಊರಿನಲ್ಲೂ ಇಂಗ್ಲೆಂಡಿನಲ್ಲೂ ಸೇರಿ ಹತ್ತು ವರ್ಷಕ್ಕೂ ಮೀರಿದ ವೃತ್ತಿ, ಹೊಸ ನರ್ಸ್‌ಗಳಿಗೆ ಕೆಲಸ ಕಲಿಸುವ ಹಿರಿತನ ಇವುಗಳಿಗೆ ಅಂಕ ಸೊನ್ನೆ. ಅವರ ವೃತ್ತಿಯ ಮೌಲ್ಯಮಾಪನ ಮಾಡಿಸಿದ್ದರೆ 5ರ ಬದಲು 10 ಸಿಗುತ್ತಿತ್ತು. ಆದರೆ ಅದಕ್ಕೆ ಸಮಯ ಬೇಕು, 85 ಅಂಕ ಇರುವಾಗ ಅದರ ಅಗತ್ಯವೂ ಕಾಣಲಿಲ್ಲ. ವೀಸಾದ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ. ಕುಟುಂಬದ ದೃಷ್ಟಿಯಿಂದ ಇಡೀ ಪ್ರಕರಣದ ಬೇರು ಇಲ್ಲಿದೆ ಎಂದು ನಾನು ನಂಬುತ್ತೇನೆ. ಮೌಲ್ಯಮಾಪನಕ್ಕೆ ಕೈಹಾಕಿದ್ದರೆ ಮುಂದೆ ಬರಲಿದ್ದ ಅಡ್ಡಿ ಇಂಗ್ಲೆಂಡಿನಲ್ಲಿರುವಾಗಲೇ ಕಣ್ಣಿಗೆ ಬೀಳುತ್ತಿತ್ತು.

ಆ ಅಡ್ಡಿ ಹೀಗಿತ್ತು. ಇಂಗ್ಲೆಂಡಿನಲ್ಲೇ ಓದಿದ ನರ್ಸ್‌ಗೆ ಆಸ್ಟ್ರೇಲಿಯಾದಲ್ಲಿ ನೋಂದಣಿ ಸುಲಭ. ಭಾರತದಲ್ಲಿ ಓದಿ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದವರ ವಿಷಯದಲ್ಲಿ ಆ ಕಾಲದ ನಿಯಮ ನೋಡುತ್ತಿದ್ದುದು ಮೊದಲ ಪದವಿಯನ್ನು. ಅನೇಕ ಭಾರತೀಯ ಪದವಿಗಳು ಸಮಾನವೆಂದು ಪರಿಗಣಿತವಾಗುತ್ತಿರಲಿಲ್ಲ. ಅಂಥವರು ಕಂಪ್ಯೂಟರ್ ಪರೀಕ್ಷೆ ಬರೆದು, ಆಮೇಲೆ ಅಡಿಲೇಡ್‌ಗೆ ಹೋಗಿ ಪ್ರಾಯೋಗಿಕ ಪರೀಕ್ಷೆ ಕೊಡಬೇಕಿತ್ತು. ನರ್ಸ್ ಈ ಎರಡೂ ಬಗೆಯ ಪರೀಕ್ಷೆಗಳನ್ನು ಇಂಗ್ಲೆಂಡಿಗಾಗಿ ಒಮ್ಮೆ ಕೊಟ್ಟವರು. ‘ಇಷ್ಟು ವರ್ಷ ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡಿದ ಮೇಲೆ ಇನ್ನೇನು ಕೇಳುತ್ತಾರೆ’ ಎಂಬ ಭರವಸೆಯಲ್ಲೇ ಎಲ್ಲರೂ ಇದ್ದರು. ಸುತ್ತಲಿದ್ದ ಇಂಗ್ಲಿಷ್ ನರ್ಸ್‌ಗಳು ಸಲೀಸಾಗಿ ಹೋಗಿದ್ದರಲ್ಲ.

ಹೊರಡುವ ಹೊತ್ತು

ಆಹ್ವಾನ ಹುಟ್ಟುಹಬ್ಬಕ್ಕೆ ಮೊದಲೇ ಬಂತು. 2023ರ ಜುಲೈನಲ್ಲಿ ಅರ್ಜಿ ಸಲ್ಲಿಸಿದರು. ಶುಲ್ಕ ಮುಖ್ಯ ಅರ್ಜಿದಾರರಿಗೆ 4,640 ಆಸ್ಟ್ರೇಲಿಯನ್ ಡಾಲರ್, ಸಂಗಾತಿಗೆ 2,320, ಮಕ್ಕಳಿಗೆ ತಲಾ 1,160, ಒಟ್ಟು 9,280. ವೈದ್ಯಕೀಯ ತಪಾಸಣೆ, ಪೊಲೀಸ್ ಪ್ರಮಾಣಪತ್ರ, ಎಂಜಿನಿಯರಿಂಗ್ ಮೌಲ್ಯಮಾಪನದ ಖರ್ಚು ಬೇರೆ. ನವೆಂಬರ್‌ನಲ್ಲಿ ವೀಸಾ ಕೈಸೇರಿತು. ಬಂದ ದಿನದಿಂದಲೇ ಕಾಯಂ ವಾಸದ ಹಕ್ಕು ಕೊಡುವ ವೀಸಾ ಅದು. ಎರಡು ವರ್ಷ ಆ ರಾಜ್ಯದಲ್ಲಿ ಇರುತ್ತೇವೆಂಬ ಮಾತು ಕೊಡಬೇಕು, ಅಷ್ಟೆ.

ವೀಸಾ ಬಂದ ಕೂಡಲೇ ಓಡಿಹೋಗಬೇಕೆಂದಿಲ್ಲ. ಮೊದಲ ಪ್ರವೇಶಕ್ಕೆ ಒಂದು ಕೊನೆಯ ದಿನಾಂಕ ಕೊಡುತ್ತಾರೆ. ಅದರೊಳಗೆ ಒಮ್ಮೆ ಕಾಲಿಟ್ಟರೆ ಸಾಕು. ಇವರು ಇನ್ನೂ ಆರು ತಿಂಗಳು ಕಾಯಬಹುದಿತ್ತು. ಕಾಯಗೊಡದೆ ಇದ್ದದ್ದು ಮಗಳ ಶಾಲೆ. 2009ರ ನವೆಂಬರ್‌ನಲ್ಲಿ ಹುಟ್ಟಿದ ಅವಳು ಆಗ ಇಂಗ್ಲೆಂಡಿನ ಶಾಲೆಯ ಒಂಬತ್ತನೆಯ ವರ್ಷದಲ್ಲಿ, ಅಂದರೆ ತರಗತಿಯಲ್ಲಿ, ಇದ್ದಳು. ಹತ್ತನೆಯ ವರ್ಷದಿಂದ ಜಿಸಿಎಸ್‌ಇ ಎಂಬ ಪಬ್ಲಿಕ್ ಪರೀಕ್ಷೆಯ ಪಾಠ ಶುರು. ಎರಡು ವರ್ಷದ ಆ ಓದನ್ನು ಅರ್ಧಕ್ಕೆ ಬಿಟ್ಟು ಹೋದರೆ ಎಲ್ಲಿಯೂ ಲೆಕ್ಕಕ್ಕಿಲ್ಲ. ಆಸ್ಟ್ರೇಲಿಯಾದ ಶಾಲೆ ಜನವರಿ ಕೊನೆಗೆ ಆರಂಭವಾಗುತ್ತದೆ. ಹಾಗಾಗಿ 2024ರ ಜನವರಿ ಎಂದು ತೀರ್ಮಾನವಾಯಿತು. ನನ್ನ ಮಟ್ಟಿಗೆ ಇದು ಈ ಕುಟುಂಬ ತೆಗೆದುಕೊಂಡ ಅತ್ಯಂತ ವಿವೇಕದ ನಿರ್ಧಾರ. ಹದಿನಾಲ್ಕರ ಹುಡುಗಿಗೆ ಗೆಳತಿಯರನ್ನು ಬಿಡುವುದು ಕಷ್ಟವೇ. ಓದಿನ ನಡುವೆ ಕಿತ್ತು ತಂದಿದ್ದರೆ ಅದರ ಮೇಲೆ ಇನ್ನೊಂದು ಹೊರೆ ಬೀಳುತ್ತಿತ್ತು.

ಮನೆ ಮಾರಬೇಕೋ ಬಾಡಿಗೆಗೆ ಕೊಡಬೇಕೋ ಎಂಬ ಚರ್ಚೆ ಬಹಳ ದಿನ ನಡೆಯಿತು. ಕೊನೆಗೆ ಬಾಡಿಗೆಗೆ ಕೊಟ್ಟರು. ಸಾಲ ಕೊಟ್ಟ ಬ್ಯಾಂಕಿನ ಅನುಮತಿ ಪಡೆದು, ಬ್ರಿಟನ್ನಿನ ಅನಿವಾಸಿ ಮಾಲೀಕರ ತೆರಿಗೆ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿದರು. ಲೆಕ್ಕಿಗರೊಬ್ಬರ ಸಲಹೆಯಂತೆ ಪರ್ತ್‌ನಲ್ಲಿ ಇಳಿಯುವ ವಾರದಲ್ಲಿಯೇ ಆ ಮನೆಯ ಮಾರುಕಟ್ಟೆ ಬೆಲೆಯನ್ನು ಲಿಖಿತವಾಗಿ ಪಡೆದುಕೊಂಡರು. ಇದು ಸಣ್ಣ ಕೆಲಸ, ಬಹಳ ಮಂದಿ ಮಾಡುವುದಿಲ್ಲ. ಆಸ್ಟ್ರೇಲಿಯಾದ ತೆರಿಗೆ ನಿವಾಸಿಯಾದ ದಿನ ಹೊರದೇಶದ ಆಸ್ತಿಯ ಬೆಲೆ ಎಷ್ಟಿತ್ತೋ ಅದೇ ಬಂಡವಾಳ ಲಾಭದ ಲೆಕ್ಕಕ್ಕೆ ಆರಂಭದ ಬೆಲೆ. ಆ ಕಾಗದ ಇಲ್ಲದಿದ್ದರೆ ವರ್ಷಗಳ ಮೇಲೆ ಅಂದಾಜಿನಲ್ಲಿ ಗುದ್ದಾಡಬೇಕಾಗುತ್ತದೆ. ಬ್ರಿಟನ್ನಿನಲ್ಲಿ ತೆರಿಗೆಯಿಲ್ಲದ ಐಸಾ ಉಳಿತಾಯಕ್ಕೂ ಆಸ್ಟ್ರೇಲಿಯಾದಲ್ಲಿ ಅಂಥ ರಿಯಾಯಿತಿ ಇಲ್ಲವೆಂಬುದನ್ನು ಅವರು ಹೊರಡುವ ಮೊದಲೇ ತಿಳಿದಿದ್ದರು.

ಪಿಂಚಣಿಯ ವಿಷಯ ಇನ್ನಷ್ಟು ಸೂಕ್ಷ್ಮ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಸಿಗಬೇಕಾದರೆ ಕನಿಷ್ಠ 10 ವರ್ಷದ ವಂತಿಗೆ ಬೇಕು, ಪೂರ್ತಿ ಸಿಗಲು 35. ಇವರಿಬ್ಬರದೂ ಎಂಟೇ ವರ್ಷ. ಹಾಗೆಯೇ ಬಿಟ್ಟಿದ್ದರೆ ಎಂಟು ವರ್ಷ ಕಟ್ಟಿದ್ದಕ್ಕೆ ಏನೂ ಸಿಗುತ್ತಿರಲಿಲ್ಲ. ಪರ್ತ್‌ಗೆ ಬಂದ ಮೇಲೆ ಸ್ವಯಂಪ್ರೇರಿತ ವಂತಿಗೆಯ ಅಗ್ಗದ ದರದಲ್ಲಿ, ವಾರಕ್ಕೆ ತಲಾ ಸುಮಾರು ಮೂರೂವರೆ ಪೌಂಡಿನಂತೆ, ಎರಡು ತೆರಿಗೆ ವರ್ಷಗಳಿಗೆ ಕಟ್ಟಿ ಹತ್ತು ತುಂಬಿಸಿಕೊಂಡರು. ಹೊರದೇಶದಲ್ಲಿರುವವರಿಗೆ ಆ ಅಗ್ಗದ ದರ 2026ರ ಏಪ್ರಿಲ್‌ನಿಂದ ಇಲ್ಲ. ಇನ್ನೊಂದು ಸಂಗತಿ: ಆಸ್ಟ್ರೇಲಿಯಾದಲ್ಲಿ ವಾಸಿಸುವವರಿಗೆ ಬ್ರಿಟನ್ ತನ್ನ ಪಿಂಚಣಿಯನ್ನು ವರ್ಷವರ್ಷ ಏರಿಸುವುದಿಲ್ಲ. ಮೊದಲ ಸಲ ಎಷ್ಟು ಸಿಕ್ಕಿತೋ ಜೀವನಪೂರ್ತಿ ಅಷ್ಟೇ. ಇದರ ಮೇಲಿನ ಅಸಮಾಧಾನದಿಂದಲೇ ಆಸ್ಟ್ರೇಲಿಯಾ ಉಭಯ ದೇಶಗಳ ಸಾಮಾಜಿಕ ಭದ್ರತಾ ಒಪ್ಪಂದವನ್ನು ಮುರಿಯಿತು. 2001ರ ಮಾರ್ಚ್‌ನಲ್ಲಿ ಅದು ಕೊನೆಗೊಂಡಿತು. ಕೆಲಸದ ಸಂಸ್ಥೆಗಳ ಪಿಂಚಣಿ, ಎನ್‌ಎಚ್‌ಎಸ್ ಪಿಂಚಣಿ ಎರಡನ್ನೂ ಅಲ್ಲೇ ಬಿಟ್ಟರು. 55 ತುಂಬದವರಿಗೆ ಅದನ್ನು ಆಸ್ಟ್ರೇಲಿಯಾದ ಸೂಪರ್ ಎಂಬ ನಿವೃತ್ತಿ ನಿಧಿಗೆ ವರ್ಗಾಯಿಸುವ ದಾರಿ 2015ರಿಂದ ಮುಚ್ಚಿದಂತೆಯೇ ಇದೆ.

ಸಾಮಾನು ಕಟ್ಟುವಾಗಿನ ಒಂದು ಸಂಗತಿ ಮಗಳು ಹೇಳಿದ್ದು. ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯ ನಿಯಮಗಳು ಬಿಗಿ. ಮರ, ಬೀಜ, ಮಣ್ಣು ಏನಿದ್ದರೂ ಘೋಷಿಸಬೇಕು. ಅಜ್ಜಿ ಕೊಟ್ಟ ಅಳಗುಳಿಮಣೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಹುಳು ತಿಂದ ತೂತಿಲ್ಲವೆಂದು ಖಚಿತ ಮಾಡಿಕೊಂಡು ಪೆಟ್ಟಿಗೆಗೆ ಹಾಕಿದರು. ಅದರ ಗುಳಿಗಳಲ್ಲಿದ್ದ ಗುಲಗಂಜಿಗಳನ್ನು ಮಾತ್ರ ಎಣಿಸಿ ಇಂಗ್ಲೆಂಡಿನ ಗೆಳತಿಗೆ ಕೊಟ್ಟಳು. ಈಗ ಗಾಜಿನ ಮಣಿಗಳಲ್ಲಿ ಆಡುತ್ತಾರೆ. ತಂದೆಯ ಚಾರಣದ ಬೂಟುಗಳ ತಳದ ಕೆಸರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದದ್ದೂ ಅವಳೇ.

ಮೊದಲ ವರ್ಷ

ಪರ್ತ್‌ನಲ್ಲಿ ಬಾಡಿಗೆ ಮನೆ ಸಿಗುವುದೇ ಆಗ ಕಷ್ಟವಾಗಿತ್ತು. ಮನೆ ತೋರಿಸುವ ಹದಿನೈದು ನಿಮಿಷದಲ್ಲಿ ಬಾಗಿಲ ಮುಂದೆ ಸಾಲು. ಅರ್ಜಿಯಲ್ಲಿ ಹಿಂದಿನ ಬಾಡಿಗೆಯ ದಾಖಲೆ ಕೇಳುತ್ತಾರೆ. ಇವರು ಇಂಗ್ಲೆಂಡಿನಲ್ಲಿ ಸ್ವಂತ ಮನೆಯಲ್ಲಿದ್ದವರು, ಆ ದಾಖಲೆ ಇರಲಿಲ್ಲ. ಸಾಲದ ಕಂತನ್ನು ತಪ್ಪದೆ ಕಟ್ಟಿದ ಬ್ಯಾಂಕ್ ವಿವರಣೆ ಲಗತ್ತಿಸಿ ಅಂತೂ ಒಂದು ಮನೆ ಹಿಡಿದರು. ಎಂಜಿನಿಯರ್‌ಗೆ ಬೇಗನೆ ಕೆಲಸ ಸಿಕ್ಕಿತು. ಮಗನಿಗೆ ಹೊಸ ಶಾಲೆ ಒಂದು ವಾರದಲ್ಲಿ ಹಳೆಯದಾಯಿತು. ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಗೆ ಹೆಸರು ಹಚ್ಚಿದರು. ಆದರೂ ವೈದ್ಯರ ಬಳಿ ಹೋದಾಗ ಕೈಯಿಂದ ಒಂದಿಷ್ಟು ಕೊಡಬೇಕಾಗುತ್ತದೆಂಬುದು, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆಂಬುಲೆನ್ಸ್ ಕರೆದರೆ ಸುಮಾರು ಸಾವಿರ ಡಾಲರ್ ಬಿಲ್ ಬರಬಹುದೆಂಬುದು ಎನ್‌ಎಚ್‌ಎಸ್‌ಗೆ ಒಗ್ಗಿದವರಿಗೆ ಹೊಸದು. ಆಂಬುಲೆನ್ಸ್‌ಗೆ ಪ್ರತ್ಯೇಕ ವಿಮೆ ಮಾಡಿಸಿಕೊಂಡರು. ಹೊಸಬರು ಮೊದಲ ವಾರದಲ್ಲೇ ಮಾಡಿಸಬೇಕಾದದ್ದು ಅದು.

ನರ್ಸ್‌ಗೆ ಮಾತ್ರ ದಾರಿ ಸಿಗಲಿಲ್ಲ. ಪದವಿ ಸಮಾನವಲ್ಲ, ಪರೀಕ್ಷೆಗಳನ್ನು ಮತ್ತೆ ಕೊಡಬೇಕೆಂಬ ಉತ್ತರ ಬಂತು. ಮನೆಯಲ್ಲಿ ಕೂತಿರಲಾರದೆ, ಕೈಬರಿದು ಮಾಡಿಕೊಳ್ಳಲಾರದೆ ವೃದ್ಧಾಶ್ರಮವೊಂದರಲ್ಲಿ ಸಹಾಯಕಿಯಾಗಿ ಸೇರಿದರು. ಸ್ನಾನ, ಊಟ, ಹಾಸಿಗೆ ಬದಲಿಸುವುದು. ಅವರಿಗೆ ಆ ಕೆಲಸದ ಬಗ್ಗೆ ಅಗೌರವ ಎಳ್ಳಷ್ಟೂ ಇರಲಿಲ್ಲ. ಸಂಕಟ ಬೇರೆ ಕಡೆ ಇತ್ತು. ಒಂದು ರಾತ್ರಿ ಪಾಳಿಯಲ್ಲಿ ವೃದ್ಧೆಯೊಬ್ಬರ ಉಸಿರಾಟದ ಸದ್ದು ಕೇಳಿಯೇ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದು ಅವರಿಗೆ ಗೊತ್ತಾಯಿತು. ಹೃದ್ರೋಗ ವಾರ್ಡಿನಲ್ಲಿ ಎಷ್ಟೋ ಸಲ ಕೇಳಿದ ಸದ್ದು. ದಿಂಬು ಏರಿಸಿ ಕೂರಿಸಿದರು. ಅದಕ್ಕಿಂತ ಮುಂದೆ ಹೋಗಲು ಅವರಿಗೆ ಅಧಿಕಾರವಿರಲಿಲ್ಲ. ಓಡಿ ಹೋಗಿ ಪಾಳಿಯ ನರ್ಸ್‌ನನ್ನು ಕರೆತಂದು, ಪಕ್ಕದಲ್ಲಿ ಕೈಕಟ್ಟಿ ನಿಂತರು. ಆ ಯುವಕ ಒಳ್ಳೆಯವನು, ಚುರುಕಾಗಿಯೇ ಮಾಡಿದ. ಇಂಗ್ಲೆಂಡಿನಲ್ಲಿ ಅಂಥ ಯುವಕರಿಗೆ ಅವರೇ ಕಲಿಸುತ್ತಿದ್ದರು.

ಆ ವೃದ್ಧೆ ಚೇತರಿಸಿಕೊಂಡ ಮೇಲೆ ಇಬ್ಬರಿಗೂ ಸ್ನೇಹವಾಯಿತು. ಅವರು 1960ರ ದಶಕದಲ್ಲಿ ಉತ್ತರ ಇಂಗ್ಲೆಂಡಿನಿಂದ ಹಡಗಿನಲ್ಲಿ ಪರ್ತ್ ಪಕ್ಕದ ಬಂದರು ಫ್ರೀಮ್ಯಾಂಟಲ್‌ಗೆ ಬಂದವರು. ಎರಡನೆಯ ಮಹಾಯುದ್ಧದ ನಂತರ ಆಸ್ಟ್ರೇಲಿಯಾ ಬ್ರಿಟನ್ನಿನವರಿಗೆ ಕೇವಲ 10 ಪೌಂಡಿಗೆ ಪ್ರಯಾಣ ಕೊಡುತ್ತಿತ್ತು. ಎರಡು ವರ್ಷದೊಳಗೆ ವಾಪಸಾದರೆ ಪೂರ್ತಿ ಖರ್ಚು ತುಂಬಿಕೊಡಬೇಕಿತ್ತು. ಹಾಗೆ ಬಂದವರು ಹತ್ತು ಲಕ್ಷಕ್ಕೂ ಹೆಚ್ಚು. ಸುಮಾರು ಕಾಲು ಭಾಗದಷ್ಟು ಜನ ಮರಳಿದರೆಂದು ಅಂದಾಜು. 1966ರಲ್ಲಿ ವೇಲ್ಸ್‌ನಿಂದ ಬಂದ ಒಂದು ಕುಟುಂಬದ ಹುಡುಗಿ ಜೂಲಿಯಾ ಗಿಲಾರ್ಡ್ ಮುಂದೆ ಪ್ರಧಾನಿಯಾದರು. ವೃದ್ಧೆಯ ಕತೆ ಅಂಥದ್ದಲ್ಲ. ಗಂಡನಿಗೆ ಇಲ್ಲಿ ಕೆಲಸ ಹಿಡಿಸಿತು, ತಾನು ಮೊದಲ ಎರಡು ವರ್ಷ ದಿನ ಎಣಿಸಿದೆ, ಆಮೇಲೆ ಮಕ್ಕಳಿಗಾಗಿ ಉಳಿದೆ ಎಂದು ಅವರು ಹೇಳಿದರಂತೆ. ಏನು ಬೇಕೆಂದು ತನ್ನನ್ನು ಯಾರೂ ಕೇಳಿರಲಿಲ್ಲ ಎಂದೂ ಹೇಳಿದರಂತೆ. ನರ್ಸ್ ಅಂದು ಮನೆಗೆ ಬಂದು ಗಂಡನಿಗೆ ಇದನ್ನು ಹೇಳಿದರು. ಮನೆಯಲ್ಲಿ ಮೊದಲ ದೊಡ್ಡ ಜಗಳವಾದದ್ದು ಆ ರಾತ್ರಿ.

ತಿರುವು

2024ರ ಜುಲೈ ಚಳಿ. ಪರ್ತ್‌ನ ಮನೆಗಳಲ್ಲಿ ಇಂಗ್ಲೆಂಡಿನಂತೆ ಕೋಣೆಕೋಣೆಗೆ ಬಿಸಿ ಕೊಳವೆ ಇರುವುದಿಲ್ಲ, ಕಿಟಕಿಗೆ ಜೋಡಿ ಗಾಜೂ ಅಪರೂಪ. ಒಳಗೆ ಸ್ವೆಟರ್ ಹಾಕಿ ಕೂರಬೇಕು. ಇತ್ತ ಇಂಗ್ಲೆಂಡಿನ ಮನೆಸಾಲದ ಐದು ವರ್ಷದ ಅಗ್ಗದ ಬಡ್ಡಿದರ ಮುಗಿದು ಕಂತು ಏರಿತು, ಬಾಡಿಗೆ ಅದಕ್ಕೆ ಸಾಲದಾಯಿತು. ಆಗಸ್ಟ್‌ನಲ್ಲಿ ಮಲೆನಾಡಿನಲ್ಲಿ ತಾಯಿ ಅಂಗಳದ ಪಾಚಿಗೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಂಜಿನಿಯರ್ ಸಿಂಗಪುರದ ಮೂಲಕ ಬೆಂಗಳೂರಿಗೆ, ಅಲ್ಲಿಂದ ಊರಿಗೆ ಓಡಿದರು. ಲಂಡನ್ನಿನಿಂದ ಹೊರಟಿದ್ದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಗಡಿಯಾರ ಹತ್ತಿರವಾದದ್ದು ನಿಜ, ದಾರಿ ಹತ್ತಿರವಾಗಿರಲಿಲ್ಲ.

ಅವರು ಮರಳಿದ ಮೇಲೆ ಸೆಪ್ಟೆಂಬರ್‌ನಲ್ಲಿ ನಾಲ್ವರೂ ಊಟದ ಮೇಜಿನ ಸುತ್ತ ಕೂತರು. ಇಂಗ್ಲೆಂಡಿಗೆ ಮರಳೋಣವೆಂಬ ಮಾತನ್ನು ನರ್ಸ್ ನೇರವಾಗಿ ಇಟ್ಟರು. ಈ ಪ್ರಕರಣದಿಂದ ಕಲಿಯಬೇಕಾದದ್ದರಲ್ಲಿ ಹೆಚ್ಚಿನ ಪಾಲು ಆ ಸಂಜೆ ನಡೆದದ್ದರಲ್ಲಿದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮರಳುವ ದಾರಿ ಅವರಿಗೆ ನಿಜವಾಗಿಯೂ ತೆರೆದಿತ್ತು. ಪೌರತ್ವ ಇತ್ತು, ಮನೆ ಇತ್ತು. ನರ್ಸ್ ವರ್ಷಕ್ಕೆ 120 ಪೌಂಡ್ ಕಟ್ಟಿ ಬ್ರಿಟನ್ನಿನ ನೋಂದಣಿಯನ್ನು ಉಳಿಸಿಕೊಂಡಿದ್ದರು. ಕೆಲಸವಿಲ್ಲದ ದೇಶದ ನೋಂದಣಿಗೆ ದುಡ್ಡು ಸುರಿಯುವುದೇಕೆಂದು ಹಿಂದೊಮ್ಮೆ ಮನೆಯಲ್ಲಿ ಪ್ರಶ್ನೆ ಬಂದಿತ್ತು, ಅವರು ಬಿಟ್ಟಿರಲಿಲ್ಲ. ಮುಚ್ಚುತ್ತಿದ್ದದ್ದು ಮಗಳ ಬಾಗಿಲು. ಅವಳ ಓರಗೆಯವರು ಇಂಗ್ಲೆಂಡಿನಲ್ಲಿ ಆ ತಿಂಗಳೇ ಹತ್ತನೆಯ ವರ್ಷಕ್ಕೆ ಕಾಲಿಟ್ಟಿದ್ದರು. ಕ್ರಿಸ್‌ಮಸ್ ಒಳಗೆ ಹೋದರೆ ಹೇಗೋ ಹಿಡಿದುಕೊಳ್ಳಬಹುದು. ಆಮೇಲೆ ಹೋದರೆ ಜಿಸಿಎಸ್‌ಇ ಕೈತಪ್ಪುತ್ತದೆ. ಹಾಗಾಗಿ ‘ಇನ್ನೊಂದು ವರ್ಷ ನೋಡೋಣ’ ಎಂಬ ಮಾತಿಗೆ ಅರ್ಥವಿರಲಿಲ್ಲ. ಕ್ರಿಸ್‌ಮಸ್‌ಗೆ ಮೊದಲು ಹೊರಡಬೇಕು, ಇಲ್ಲವೇ ಮಗಳು 2027ರ ಕೊನೆಗೆ ಹನ್ನೆರಡನೆಯ ತರಗತಿ ಮುಗಿಸುವವರೆಗೆ ಇರಬೇಕು. ಈ ಎರಡೇ ಆಯ್ಕೆ ಎಂದು ಮೊದಲು ಕಂಡುಕೊಂಡು ಹೇಳಿದ್ದು ಮಗಳೇ.

ಅವಳು ಇನ್ನೊಂದು ಮಾತನ್ನೂ ಹೇಳಿದಳು: ಮತ್ತೆ ಶಾಲೆ ಬದಲಿಸಲು ತನಗೆ ಇಷ್ಟವಿಲ್ಲ, ಆದರೆ ಅಮ್ಮ ಹೀಗೆಯೇ ಇರಬೇಕೆಂದಾದರೆ ಹೋಗೋಣ.

ಎಂಜಿನಿಯರ್ ಅಂದು ಕಾಗದದ ಮೇಲೆ ಹೊಸ ಪಟ್ಟಿ ಹಾಕಿದರು. ನಾಲ್ಕು ಕಂಬಸಾಲು, ಪ್ರತಿಯೊಬ್ಬರಿಗೂ ಒಂದು. ಬಂದದ್ದರಿಂದ ಯಾರಿಗೆ ಏನು ಸಿಕ್ಕಿತು, ಯಾರು ಏನು ಕಳೆದುಕೊಂಡರು. ಅವರ ಸಾಲಿನಲ್ಲಿ ಸಿಕ್ಕಿದ್ದೇ ಹೆಚ್ಚು, ಹೆಂಡತಿಯ ಸಾಲಿನಲ್ಲಿ ಕಳೆದದ್ದೇ ಹೆಚ್ಚು. ವೀಸಾದ ಅಂಕಪಟ್ಟಿ ಮುಖ್ಯ ಅರ್ಜಿದಾರನನ್ನು ಅಳೆಯುತ್ತದೆ. ಅದು ಸರ್ಕಾರದ ಅಗತ್ಯಕ್ಕೆ ಮಾಡಿದ್ದು. ಕುಟುಂಬ ಅದನ್ನೇ ತನ್ನ ಅಳತೆಗೋಲು ಮಾಡಿಕೊಂಡು ಒಂದೂವರೆ ವರ್ಷ ನಡೆದಿತ್ತು. ಇಂಥ ಪಟ್ಟಿಯನ್ನು ಇಂಗ್ಲೆಂಡಿನಲ್ಲೇ, ಅರ್ಜಿ ಹಾಕುವ ಮೊದಲೇ ಬರೆಯಬೇಕು. ನನ್ನನ್ನು ಕೇಳಿದವರಿಗೆಲ್ಲ ಈಗ ಇದನ್ನೇ ಹೇಳುತ್ತೇನೆ.

ಉಳಿಯುವುದೆಂದು ತೀರ್ಮಾನವಾಯಿತು, ಷರತ್ತಿನ ಮೇಲೆ. ಮನೆಯ ಸಮಯ, ಹಣ ಎರಡರಲ್ಲೂ ಇನ್ನು ಮೊದಲ ಹಕ್ಕು ನರ್ಸ್‌ನ ನೋಂದಣಿಗೆ. ಎಂಜಿನಿಯರ್ ವಾರಕ್ಕೆ ನಾಲ್ಕು ದಿನದ ಕೆಲಸಕ್ಕೆ ಬಂದು ಐದನೆಯ ದಿನ ಮನೆ ನೋಡಿಕೊಂಡರು. ಸಂಬಳ ಕಡಿಮೆಯಾಯಿತು. ನರ್ಸ್ ರಾತ್ರಿ ಪಾಳಿ ಬಿಟ್ಟು ಪರೀಕ್ಷೆಗೆ ಓದಲು ಕೂತರು.

ಆಮೇಲೆ

ಪರೀಕ್ಷೆ ಬರೆಯುವ ಅಗತ್ಯ ಬರಲಿಲ್ಲ. 2025ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ವಿದೇಶಿ ನರ್ಸ್‌ಗಳ ನೋಂದಣಿಗೆ ಹೊಸ ದಾರಿ ತೆರೆಯಿತು. ಬ್ರಿಟನ್, ಐರ್ಲೆಂಡ್, ಅಮೆರಿಕ, ಸಿಂಗಪುರ ಮುಂತಾದ ಕೆಲವು ಕಡೆ ನೋಂದಣಿ ಪಡೆದು, 2017ರಿಂದೀಚೆಗೆ 1,800 ಗಂಟೆ ಕೆಲಸ ಮಾಡಿದವರು ಮತ್ತೆ ಪರೀಕ್ಷೆ ಕೊಡಬೇಕಿಲ್ಲ. ಬೇರೆ ದೇಶದಲ್ಲಿ ಓದಿ, ಆ ದೇಶಗಳ ಪರೀಕ್ಷೆ ಪಾಸು ಮಾಡಿ ನೋಂದಾಯಿತರಾದವರಿಗೂ ಇದು ಅನ್ವಯಿಸುತ್ತದೆ. ಎನ್‌ಎಚ್‌ಎಸ್‌ನಲ್ಲಿ ಪೂರ್ಣಾವಧಿ ದುಡಿದವರಿಗೆ 1,800 ಗಂಟೆ ಸುಮಾರು ಒಂದು ವರ್ಷದ ಕೆಲಸ. ಉಳಿಸಿಕೊಂಡ ಬ್ರಿಟಿಷ್ ನೋಂದಣಿ, ಹಳೆಯ ಆಸ್ಪತ್ರೆಯಿಂದ ತರಿಸಿದ ಸೇವಾಪತ್ರ ಕೂಡಲೇ ಕೆಲಸಕ್ಕೆ ಬಂದವು. ಆಗಸ್ಟ್‌ನಲ್ಲಿ ನೋಂದಣಿಯಾಯಿತು, ವರ್ಷ ಮುಗಿಯುವುದರೊಳಗೆ ಆಸ್ಪತ್ರೆಯಲ್ಲಿ ಕೆಲಸ. ಇಂಗ್ಲೆಂಡಿನಲ್ಲಿದ್ದ ಹಿರಿತನ ಇನ್ನೂ ಬಂದಿಲ್ಲ.

ನಿಯಮ ಬದಲಾದದ್ದು ಅದೃಷ್ಟವೆಂದು ಕೆಲವರು ಹೇಳುತ್ತಾರೆ. ನಿಯಮ ಬದಲಾಗದಿದ್ದರೂ ಆ ಹೊತ್ತಿಗೆ ನರ್ಸ್ ಪರೀಕ್ಷೆಗೆ ಅರ್ಧಕ್ಕಿಂತ ಹೆಚ್ಚು ಸಿದ್ಧರಾಗಿದ್ದರು. ಮನೆ ಅವರ ಬೆನ್ನಿಗೆ ನಿಂತಾಗಿತ್ತು. ಇನ್ನೂ ಆರೇಳು ತಿಂಗಳು ತಡವಾಗುತ್ತಿತ್ತು, ಅಷ್ಟೆ ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಮನೆಯನ್ನು 2025ರ ಕೊನೆಗೆ ಮಾರಿದರು. ಮಾರಾಟವಾದ 60 ದಿನದೊಳಗೆ ಬ್ರಿಟನ್ನಿನ ತೆರಿಗೆ ಇಲಾಖೆಗೆ ವರದಿ ಕೊಡಬೇಕು, ಕೊಟ್ಟರು. ಆಸ್ಟ್ರೇಲಿಯಾದ ಲೆಕ್ಕಕ್ಕೆ ಜನವರಿ 2024ರ ಬೆಲೆಪತ್ರ ಸಾಕಾಯಿತು. ಬಾಡಿಗೆಗೆ ಕೊಟ್ಟದ್ದರಿಂದ ಹಣದಲ್ಲಿ ನಷ್ಟವೇ ಆಗಿತ್ತು. ಆದರೂ ಆ ಸೆಪ್ಟೆಂಬರ್ ಸಂಜೆ, ಮರಳಲು ಸಾಧ್ಯವೆಂದು ಗೊತ್ತಿದ್ದದ್ದರಿಂದಲೇ ಉಳಿಯುವುದನ್ನು ತಾನು ಆಯ್ದುಕೊಂಡಂತಾಯಿತೆಂದು ನರ್ಸ್ ಹೇಳುತ್ತಾರೆ.

ಎರಡು ವಿಷಯ ಬಾಕಿ ಇವೆ. ಮಗಳು ಈಗ ಹನ್ನೊಂದನೆಯ ತರಗತಿಯಲ್ಲಿದ್ದಾಳೆ. 2028ರ ಫೆಬ್ರುವರಿಯಲ್ಲಿ ವಿಶ್ವವಿದ್ಯಾಲಯಕ್ಕೆ. ಕಾಯಂ ನಿವಾಸಿಗಳಿಗೆ ಇಲ್ಲಿ ಸರ್ಕಾರಿ ರಿಯಾಯಿತಿಯ ಸೀಟು ಸಿಗುತ್ತದೆ, ಆದರೆ ಶುಲ್ಕಕ್ಕೆ ಸರ್ಕಾರಿ ಸಾಲ ಸಿಗುವುದು ಪೌರರಿಗೆ. ಪೌರತ್ವಕ್ಕೆ ನಾಲ್ಕು ವರ್ಷ ವಾಸ ಬೇಕು. ಇವರಿಗೆ ಅದು ತುಂಬುವುದು 2028ರ ಜನವರಿಯಲ್ಲಿ. ಅರ್ಜಿ, ಪರೀಕ್ಷೆ, ಸಮಾರಂಭ ಎಲ್ಲ ಮುಗಿಯುವಷ್ಟರಲ್ಲಿ ಮೊದಲ ಸೆಮಿಸ್ಟರ್ ಕಳೆದಿರುತ್ತದೆ. ಅದರ ಶುಲ್ಕವನ್ನು ಈಗಿನಿಂದಲೇ ಬೇರೆ ಖಾತೆಯಲ್ಲಿ ಕೂಡಿಡುತ್ತಿದ್ದಾರೆ. ಅವಳು ಇಂಗ್ಲೆಂಡಿನಲ್ಲಿ ಓದಬೇಕೆಂದರೆ, ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ, ಕೋರ್ಸಿಗೆ ಹಿಂದಿನ ಮೂರು ವರ್ಷ ಅಲ್ಲಿ ವಾಸವಿರದ ಕಾರಣ ವಿದೇಶಿ ವಿದ್ಯಾರ್ಥಿಯ ಶುಲ್ಕ ತೆರಬೇಕಾಗುತ್ತದೆ. ಇದು ಹೊರಡುವಾಗ ಅವರಿಗೆ ಗೊತ್ತಿರಲಿಲ್ಲ. ಹದಿಹರೆಯದ ಮಕ್ಕಳಿರುವ ಬ್ರಿಟಿಷ್ ಕುಟುಂಬಗಳು ಮೊದಲೇ ತಿಳಿದಿರಬೇಕಾದ ಸಂಗತಿ.

ಇನ್ನೊಂದು ತಾಯಿಯ ವಿಷಯ. ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಜನ ಆಸ್ಟ್ರೇಲಿಯಾದಲ್ಲಿ ನೆಲೆಸಿರಬೇಕೆಂಬ ಷರತ್ತನ್ನು ಇಬ್ಬರು ಮಕ್ಕಳ ಈ ತಾಯಿ ದಾಟುತ್ತಾರೆ. ಆದರೆ ಹೆಚ್ಚು ಹಣ ಕಟ್ಟುವ ಪೋಷಕ ವೀಸಾಕ್ಕೂ ಹತ್ತು ವರ್ಷ ಮೀರಿದ ಸರದಿ, ಕಡಿಮೆ ಶುಲ್ಕದ್ದಕ್ಕೆ ಇನ್ನೂ ಬಹಳ ಹೆಚ್ಚು. ಅವರಿಗೆ ಈಗ 76. ಕೋಲು ಹಿಡಿದು ನಡೆಯುತ್ತಾರೆ, ಮನೆ ಬಿಟ್ಟು ಬರಲು ಮನಸ್ಸಿಲ್ಲ. ಊರಿನಲ್ಲಿಯೇ ಜೊತೆಗಿರಲು ಒಬ್ಬರನ್ನು ನೇಮಿಸಿ, ಮಳೆಗಾಲದ ಮೂರು ತಿಂಗಳು ಮಾತ್ರ ಸಂದರ್ಶಕ ವೀಸಾದಲ್ಲಿ ಪರ್ತ್‌ಗೆ ಕರೆತರುವುದೆಂದು ಅಣ್ಣ ತಂಗಿ ಮಾತಾಡಿಕೊಂಡಿದ್ದಾರೆ. ಮೊದಲ ಸಲದ ಅರ್ಜಿಯನ್ನು ನರ್ಸ್ ತಾವೇ ಕೂತು ತುಂಬುತ್ತಿದ್ದಾರೆ. ಅತ್ತೆಯ ಆರೋಗ್ಯದ ಕಾಗದಪತ್ರಗಳನ್ನು ಅವರಷ್ಟು ಚೆನ್ನಾಗಿ ಓದಬಲ್ಲವರು ಮನೆಯಲ್ಲಿ ಬೇರೆ ಇಲ್ಲ.